ಕಡಲ ತಂತಿಯ ಜಂಟಿ ಖಾತೆ

ಸಹಕಾರ ಎನ್ನುವ ಮಾತು ಕಿವಿಗೆ ಬಿದ್ದೊಡನೆ ಲೆಕ್ಕಪರಿಶೋಧಕನ ಕಣ್ಣು ಒಂದು ಕಾಲಂ ಹುಡುಕುತ್ತದೆ: ಖರ್ಚು ಯಾರ ಹೆಸರಿಗೆ? ಇದನ್ನು ಅನುಮಾನದ ಬುದ್ಧಿ ಎಂದು ತಿಳಿಯಬಾರದು, ವೃತ್ತಿ ಅಂಟಿಸಿದ ಚಟ. ಸಿಂಧನೂರಿನ ಕಡೆಯವನಾದ ನಾನು ಬಿ.ಕಾಂ., ಸಿ.ಎ. ಮುಗಿಸಿ ಕಂಪಾಲಕ್ಕೆ ಬಂದು, ಇಲ್ಲಿನ ವ್ಯಾಪಾರಸ್ಥರ ಲೆಕ್ಕಪತ್ರ ನೋಡುತ್ತಲೇ ನಲವತ್ತು ದಾಟಿದವನು. ಉಗಾಂಡಾಕ್ಕೆ ಕಡಲಿಲ್ಲ. ಪೆಟ್ರೋಲಿನಿಂದ ಹಿಡಿದು ಇಂಟರ್ನೆಟ್ಟಿನವರೆಗೆ ಇಲ್ಲಿಗೆ ಬರುವ ಹೆಚ್ಚಿನದೆಲ್ಲ ನೆರೆಯವರ ಅಂಗಳ ದಾಟಿಯೇ ಬರಬೇಕು. ಹಾಗಾಗಿ ‘ಪ್ರಾದೇಶಿಕ ಸಹಕಾರ’ ಇಲ್ಲಿ ಸಮ್ಮೇಳನದ ಭಾಷಣಕ್ಕೆ ಮುಗಿಯುವ ಮಾತಲ್ಲ. ತಿಂಗಳ ಬಿಲ್ಲಿನಲ್ಲಿ ಕಾಣುವ ಮಾತು.

ಅಭಿವೃದ್ಧಿಶೀಲ ದೇಶಗಳು ಒಟ್ಟಾಗಿ ‘ಮಾಹಿತಿ ಸಮಾಜ’ ಕಟ್ಟುವ ಬಗ್ಗೆ ಕಳೆದ ಇಪ್ಪತ್ತು ವರ್ಷಗಳಲ್ಲಿ ಬಂದ ಘೋಷಣೆಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಯಾವುದು ಉಳಿಯಿತು, ಯಾವುದು ಕಾಗದವಾಯಿತು ಎಂದು ಪೂರ್ವ ಆಫ್ರಿಕಾದ ಉದಾಹರಣೆ ಹಿಡಿದು ನೋಡುವುದು ಈ ಬರಹದ ಉದ್ದೇಶ. ನನ್ನ ವಾದ ಸರಳವಾದದ್ದು. ಪಾಲು, ಹೊಣೆ, ನಷ್ಟ ಮೂರನ್ನೂ ಬರೆದಿಟ್ಟ ಕಡೆ ಸಹಕಾರ ಬದುಕಿದೆ. ಬರೆಯದ ಕಡೆ ಸತ್ತಿದೆ. ಇನ್ನೂ ಬರೆಯದೆ ಬಿಟ್ಟಿರುವ ಒಂದು ಕಲಮಿನಿಂದ ಇವತ್ತಿಗೂ ಜನಸಾಮಾನ್ಯನಿಗೆ ನಷ್ಟವಾಗುತ್ತಿದೆ.

ಜಿನೀವಾದ ಹುಂಡಿ

2003ರ ಡಿಸೆಂಬರಿನಲ್ಲಿ ಜಿನೀವಾದಲ್ಲಿ, 2005ರ ನವೆಂಬರಿನಲ್ಲಿ ಟ್ಯೂನಿಸ್‌ನಲ್ಲಿ ವಿಶ್ವಸಂಸ್ಥೆಯ ಮಾಹಿತಿ ಸಮಾಜ ಶೃಂಗಸಭೆ ನಡೆಯಿತು. ಅಲ್ಲಿನ ಘೋಷಣೆಗಳು ಇವತ್ತು ಓದಿದರೂ ಒಳ್ಳೆಯ ಮಾತುಗಳೇ. ಹಳ್ಳಿ, ಶಾಲೆ, ಗ್ರಂಥಾಲಯ, ಆಸ್ಪತ್ರೆಗಳನ್ನು ಜಾಲಕ್ಕೆ ಜೋಡಿಸಬೇಕು. 2015ರೊಳಗೆ ಜಗತ್ತಿನ ಅರ್ಧಕ್ಕಿಂತ ಹೆಚ್ಚು ಜನರಿಗೆ ಈ ಸೌಲಭ್ಯ ಕೈಗೆಟುಕಬೇಕು. ಸರಿ, ದುಡ್ಡು? ಸೆನೆಗಲ್‌ನ ಅಂದಿನ ಅಧ್ಯಕ್ಷ ಅಬ್ದುಲಾಯ್ ವಾದ್ ಒಂದು ಸಲಹೆ ಮುಂದಿಟ್ಟಿದ್ದರು: ಬಡ ದೇಶಗಳಿಗಾಗಿ ‘ಡಿಜಿಟಲ್ ಐಕ್ಯತಾ ನಿಧಿ’. ಸಾರ್ವಜನಿಕ ಸಂಸ್ಥೆಗಳು ಕಂಪ್ಯೂಟರ್ ಮತ್ತು ದೂರಸಂಪರ್ಕದ ಗುತ್ತಿಗೆ ಕೊಡುವಾಗ ಸರಬರಾಜುದಾರ ತನ್ನ ಮೊತ್ತದಲ್ಲಿ 1 ಪ್ರತಿಶತವನ್ನು ಈ ನಿಧಿಗೆ ಕೊಡಬೇಕು ಎಂಬುದು ಅದರ ಸೂತ್ರ. 2005ರಲ್ಲಿ ನಿಧಿ ಹುಟ್ಟಿತು. ಆದರೆ ಕೊಡುವುದು ಬಿಡುವುದು ಕೊಡುವವನ ಇಷ್ಟ. ಕೆಲವೇ ವರ್ಷಗಳಲ್ಲಿ ನಿಧಿ ಬಾಗಿಲು ಹಾಕಿತು.

ಗುಡಿಯ ಹುಂಡಿಗೂ ಸಹಕಾರ ಸಂಘಕ್ಕೂ ಇರುವ ವ್ಯತ್ಯಾಸ ನಮ್ಮ ಹಳ್ಳಿಗರಿಗೆ ಹೇಳಿಕೊಡಬೇಕಿಲ್ಲ. ಹುಂಡಿಗೆ ಹಾಕಿದವನು ಲೆಕ್ಕ ಕೇಳುವುದಿಲ್ಲ. ಹಾಕದವನನ್ನು ಯಾರೂ ಕೇಳುವಂತಿಲ್ಲ. ಸಂಘದಲ್ಲಿ ಷೇರು ಇದ್ದವನು ಎರಡಕ್ಕೂ ಬದ್ಧ. ಜಿನೀವಾದಲ್ಲಿ ಸಂಘ ಕಟ್ಟುತ್ತೇವೆಂದು ಹೊರಟವರು ಹುಂಡಿ ಇಟ್ಟು ಬಂದರು.

ಹಳೆಯ ಮನೆಯ ಪಾಲು

ಜಂಟಿ ಜಾಲದ ಅನುಭವ ಪೂರ್ವ ಆಫ್ರಿಕಾಕ್ಕೆ ಹೊಸದೇನಲ್ಲ. ಕೆನ್ಯಾ, ಉಗಾಂಡಾ, ತಾಂಜಾನಿಯಾ ಮೂರೂ ಸೇರಿ 1967ರಲ್ಲಿ ಪೂರ್ವ ಆಫ್ರಿಕಾ ಸಮುದಾಯ ಕಟ್ಟಿಕೊಂಡವು. ರೈಲು, ಬಂದರು, ವಿಮಾನ ಮಾತ್ರವಲ್ಲ, ಅಂಚೆ ಮತ್ತು ದೂರವಾಣಿಯೂ ಮೂವರಿಗೂ ಒಂದೇ. ಆ ಅಂಚೆ-ದೂರವಾಣಿ ನಿಗಮದ ಕೇಂದ್ರ ಕಚೇರಿ ಇದ್ದದ್ದು ಇದೇ ಕಂಪಾಲದಲ್ಲಿ. ಹತ್ತೇ ವರ್ಷ, 1977ರಲ್ಲಿ ಮನೆ ಒಡೆಯಿತು.

ಯಾಕೆ ಒಡೆಯಿತು ಎಂದರೆ ಎಲ್ಲರೂ ಮೊದಲು ಹೇಳುವ ಹೆಸರು ಇದಿ ಅಮೀನನದು. 1971ರ ಕ್ಷಿಪ್ರಕ್ರಾಂತಿಯ ನಂತರ ಜೂಲಿಯಸ್ ನ್ಯೆರೆರೆ ಅವನ ಜೊತೆ ಒಂದೇ ಮೇಜಿಗೆ ಕೂರಲು ಒಪ್ಪಲಿಲ್ಲ ಎಂಬುದು ನಿಜ. ಆದರೆ ಕಾಯಿಲೆ ಖಾತೆಯಲ್ಲೂ ಇತ್ತು. ಲಾಭವೆಲ್ಲ ಕೆನ್ಯಾದ ಕಡೆ ವಾಲುತ್ತಿದೆ ಎಂಬ ದೂರು ಮೊದಲಿನಿಂದಲೇ ಇತ್ತು. ಒಂದೊಂದು ದೇಶದಲ್ಲಿ ವಸೂಲಾದ ಹಣ ಕೇಂದ್ರ ಕಚೇರಿಗೆ ಹೋಗುವುದು ಕ್ರಮೇಣ ನಿಂತಿತು. ಜಂಟಿ ಕುಟುಂಬದಲ್ಲಿ ಒಬ್ಬ ತನ್ನ ಸಂಬಳವನ್ನು ಮನೆಗೆ ತರುವುದನ್ನು ನಿಲ್ಲಿಸಿದ ದಿನವೇ ಮನೆ ಒಡೆದಿರುತ್ತದೆ. ಒಲೆ ಬೇರೆಯಾಗುವುದು ಆಮೇಲಿನ ಶಾಸ್ತ್ರ.

ಆಸ್ತಿ ಹಂಚಿಕೆಗೆ ಏಳು ವರ್ಷ ಹಿಡಿಯಿತು. ಸ್ವಿಟ್ಜರ್ಲೆಂಡಿನ ವಿಕ್ಟರ್ ಉಂಬ್ರಿಕ್ಟ್ ಮಧ್ಯಸ್ಥರಾಗಿ ಕೂತು, 1984ರಲ್ಲಿ ಕೆನ್ಯಾಕ್ಕೆ 42, ತಾಂಜಾನಿಯಾಕ್ಕೆ 32, ಉಗಾಂಡಾಕ್ಕೆ 26 ಪ್ರತಿಶತ ಎಂದು ಪಾಲು ಮಾಡಿಕೊಟ್ಟರು. ಆಮೇಲೂ ಹಳೆಯ ನಿಗಮಗಳ ನೌಕರರು ಪಿಂಚಣಿಗಾಗಿ ದಶಕಗಳ ಕಾಲ ಅಲೆದರು. ಬೇರೆಯಾಗುವಾಗ ಏನು ಮಾಡಬೇಕು ಎಂಬುದನ್ನು ಕೂಡುವಾಗಲೇ ಬರೆದಿಡಬೇಕು. ಇದು ಸಿ.ಎ. ವಿದ್ಯಾರ್ಥಿ ಪಾಲುದಾರಿಕೆಯ ಅಧ್ಯಾಯದಲ್ಲಿ ಕಲಿಯುವ ಪಾಠ. ಮೂರು ದೇಶಗಳು ಅದನ್ನು ತಮ್ಮ ನೌಕರರ ಖರ್ಚಿನಲ್ಲಿ ಕಲಿತವು.

ಈಗಿನ ಸಮುದಾಯ ಎರಡನೆಯದು. 1999ರ ನವೆಂಬರಿನಲ್ಲಿ ಅರುಷಾದಲ್ಲಿ ಸಹಿಯಾದ ಒಪ್ಪಂದದಿಂದ ಹುಟ್ಟಿದ್ದು. ಈಗ ಅದರಲ್ಲಿ ರುವಾಂಡಾ, ಬುರುಂಡಿ, ದಕ್ಷಿಣ ಸುಡಾನ್, ಕಾಂಗೊ, ಸೊಮಾಲಿಯಾ ಕೂಡ ಇವೆ.

ಮೂರು ತಂತಿಗಳ ಕಥೆ

2009ಕ್ಕಿಂತ ಮೊದಲು ಕೆನ್ಯಾ, ತಾಂಜಾನಿಯಾಗಳ ಕರಾವಳಿಗೆ ಸಮುದ್ರದಡಿಯ ಫೈಬರ್ ತಂತಿಯೇ ಬಂದಿರಲಿಲ್ಲ. ಇಂಟರ್ನೆಟ್ ಉಪಗ್ರಹದ ಮೂಲಕ ಬರುತ್ತಿತ್ತು. ಒಂದು ಮೆಗಾಬಿಟ್ ಸಾಮರ್ಥ್ಯಕ್ಕೆ ಕಂಪನಿಗಳು ತಿಂಗಳಿಗೆ ಸಾವಿರಾರು ಡಾಲರ್ ತೆರುತ್ತಿದ್ದವು. ದಕ್ಷಿಣ ಆಫ್ರಿಕಾದ ಮ್ತುನ್ಜಿನಿಯಿಂದ ಸುಡಾನಿನ ಪೋರ್ಟ್ ಸುಡಾನ್‌ವರೆಗೆ ಸುಮಾರು 10,000 ಕಿಲೋಮೀಟರ್ ಉದ್ದದ ಒಂದು ಜಂಟಿ ತಂತಿ ಎಳೆಯುವ ಯೋಚನೆ ಮೊಳೆತದ್ದು 2003ರಲ್ಲಿ. ಅದರ ಹೆಸರು ಈಸಿ. ಹೆಸರಷ್ಟೇ ಈಸಿ, ಕೆಲಸ ಮುಗಿಯಲು ಏಳು ವರ್ಷ ಬೇಕಾಯಿತು.

ಜಗಳ ಹುಟ್ಟಿದ್ದು ತಂತ್ರಜ್ಞಾನಕ್ಕಲ್ಲ, ಒಡೆತನಕ್ಕೆ. ಪಶ್ಚಿಮ ಕರಾವಳಿಗೆ ಸ್ಯಾಟ್-3 ಎಂಬ ತಂತಿ ಆಗಲೇ ಬಂದಿತ್ತು. ಆದರೆ ತಂತಿಯಲ್ಲಿ ಪಾಲು ಪಡೆದ ಕಂಪನಿಯೇ ತನ್ನ ದೇಶದಲ್ಲಿ ಏಕಸ್ವಾಮ್ಯದ ಕಂಪನಿಯೂ ಆಗಿದ್ದರಿಂದ ಬೆಲೆ ಇಳಿಯಲಿಲ್ಲ. ಬಾವಿ ತೋಡಿದ್ದಾಯಿತು, ಹಗ್ಗ ಮಾತ್ರ ಒಬ್ಬನ ಕೈಯಲ್ಲೇ. ಪೂರ್ವದಲ್ಲಿ ಹೀಗಾಗಬಾರದು, ಪರವಾನಗಿ ಇರುವ ಯಾವ ಕಂಪನಿಗಾದರೂ ಒಂದೇ ದರದಲ್ಲಿ ಸಾಮರ್ಥ್ಯ ಸಿಗಬೇಕು ಎಂದು ಆಫ್ರಿಕಾದ ಅಭಿವೃದ್ಧಿ ವೇದಿಕೆ ನೆಪಾಡ್ ಪಟ್ಟು ಹಿಡಿಯಿತು. ಹಣ ಹಾಕುವ ದೂರವಾಣಿ ಕಂಪನಿಗಳು ತಮ್ಮ ಬಂಡವಾಳಕ್ಕೆ ಲಾಭ ಬೇಡವೇ ಎಂದವು. 2006ರಲ್ಲಿ ಕಿಗಾಲಿಯಲ್ಲಿ ಸರ್ಕಾರಗಳ ಒಡಂಬಡಿಕೆ ಸಿದ್ಧವಾಯಿತು. ಕೆನ್ಯಾ ಹೊರಗೆ ಉಳಿಯಿತು. ತಾಳ್ಮೆಗೆಟ್ಟ ಕೆನ್ಯಾ, ಆಗಿನ ಮಾಹಿತಿ ಖಾತೆ ಕಾರ್ಯದರ್ಶಿ ಬಿತಂಗೆ ಎನ್ಡೆಮೊ ಅವರ ಒತ್ತಾಸೆಯಿಂದ, ಮೊಂಬಾಸಾದಿಂದ ಸಂಯುಕ್ತ ಅರಬ್ ಎಮಿರೇಟ್ಸ್‌ನ ಫುಜೈರಾಕ್ಕೆ ಟೀಮ್ಸ್ ಎಂಬ ಪ್ರತ್ಯೇಕ ತಂತಿಗೆ ಕೈ ಹಾಕಿತು. ಅದರಲ್ಲಿ ಎಟಿಸಲಾತ್ ಕಂಪನಿಗೆ 15 ಪ್ರತಿಶತ, ಉಳಿದ 85 ಕೆನ್ಯಾದವರಿಗೆ. ಅಷ್ಟರಲ್ಲಿ ಸೀಕಾಮ್ ಎಂಬ ಖಾಸಗಿ ತಂತಿ ಎಲ್ಲರಿಗಿಂತ ಮೊದಲು, 2009ರ ಜುಲೈನಲ್ಲಿ, ದಕ್ಷಿಣ ಆಫ್ರಿಕಾ, ಮೊಜಾಂಬಿಕ್, ತಾಂಜಾನಿಯಾ, ಕೆನ್ಯಾಗಳನ್ನು ಮುಂಬೈಗೂ ಯುರೋಪಿಗೂ ಜೋಡಿಸಿತು. ಅದೇ ವರ್ಷ ಟೀಮ್ಸ್. ಜಂಟಿಯದಾದ ಈಸಿ ಕೊನೆಗೆ, 2010ರ ಜುಲೈನಲ್ಲಿ.

ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಎಂದು ನಕ್ಕು ಮುಗಿಸಬಹುದು. ಇಲ್ಲಿನ ಅನೇಕರು ಹಾಗೇ ಮುಗಿಸುತ್ತಾರೆ. ನನಗೆ ಅದು ಅರ್ಧ ಲೆಕ್ಕ ಅನಿಸುತ್ತದೆ. ಪೈಪೋಟಿಯಿಂದ ಬೆಲೆ ಬಿದ್ದದ್ದು ನಿಜ. ಆದರೆ ಕಡಲಿಲ್ಲದ ದೇಶಕ್ಕೆ ತಂತಿಯಲ್ಲಿ ಪಾಲು ಕೊಟ್ಟದ್ದು ಆ ತಡವಾದ ಜಂಟಿ ಯೋಜನೆಯೇ. ವಿಯೋಕ್ ಎಂಬ ವಿಶೇಷ ಕಂಪನಿ ಮಾಡಿ, ಅದರಲ್ಲಿ ಉಗಾಂಡಾ, ಬುರುಂಡಿ, ಜಿಂಬಾಬ್ವೆ, ಲೆಸೋಥೋಗಳಂಥ ಒಳನಾಡಿನ ಕಂಪನಿಗಳನ್ನೂ ಷೇರುದಾರರನ್ನಾಗಿ ಸೇರಿಸಲಾಯಿತು. ವಿಶ್ವಬ್ಯಾಂಕ್ ಸಮೂಹದ ಐಎಫ್‌ಸಿ, ಆಫ್ರಿಕಾ ಅಭಿವೃದ್ಧಿ ಬ್ಯಾಂಕ್ ಮತ್ತು ಯುರೋಪಿನ ಸಂಸ್ಥೆಗಳು ಅದಕ್ಕೆ ಸಾಲ ಕೊಟ್ಟವು. ಈಸಿಯಲ್ಲಿ ಅತಿ ದೊಡ್ಡ ಪಾಲು ಈ ಕಂಪನಿಯದೇ. ಸಾಲಕ್ಕೆ ಷರತ್ತೂ ಇತ್ತು: ಪರವಾನಗಿ ಇರುವ ಯಾರಿಗಾದರೂ ಭೇದವಿಲ್ಲದೆ ಮಾರಬೇಕು. ಏಳು ವರ್ಷದ ಜಗಳ ವ್ಯರ್ಥವಾಗಲಿಲ್ಲ, ಒಂದು ಕಲಮಾಗಿ ಉಳಿಯಿತು.

2024ರ ಮೇ ತಿಂಗಳಲ್ಲಿ ಈಸಿ, ಸೀಕಾಮ್ ಎರಡೂ ಒಂದೇ ದಿನ ಕಡಿದು ಈ ಭಾಗದ ಹಲವು ದೇಶಗಳಲ್ಲಿ ಇಂಟರ್ನೆಟ್ ಕುಂಟಿತು. ಆಗ ಬೇರೆ ತಂತಿಗಳ ಮೇಲೆ ಸಂಚಾರ ಹೊರಳಿಸಲಾಯಿತು. ಸಮುದ್ರದಡಿಯ ತಂತಿಗಳ ದುರಸ್ತಿಯೇ ಒಂದು ಸಹಕಾರ ಪದ್ಧತಿ: ತಂತಿಗಳ ಒಡೆಯರು ವರ್ಷಕ್ಕಿಷ್ಟು ಎಂದು ಕೂಡಿ ಹಾಕಿ ದುರಸ್ತಿ ಹಡಗನ್ನು ಸದಾ ಸಜ್ಜಾಗಿ ಇಡಿಸುತ್ತಾರೆ. ಅದರ ಬಗ್ಗೆ ಯಾವ ಶೃಂಗಸಭೆಯೂ ಭಾಷಣ ಮಾಡುವುದಿಲ್ಲ. ಕಂತು ಕಟ್ಟುತ್ತಾರೆ, ಹಡಗು ಹೊರಡುತ್ತದೆ.

ಕಾಲುವೆಯ ಕೊನೆ

ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯವರಿಗೆ ಮೇಲ್ಭಾಗದ ರೈತ, ಕೊನೆಭಾಗದ ರೈತ ಎಂಬ ಭೇದ ಚೆನ್ನಾಗಿ ಗೊತ್ತು. ಅಣೆಕಟ್ಟು ತುಂಬಿದೆ ಎಂದು ಪತ್ರಿಕೆಯಲ್ಲಿ ಬಂದ ದಿನವೂ ಮಾನ್ವಿ, ರಾಯಚೂರು ಕಡೆಯ ರೈತ ಕೇಳುವುದು ಗೇಜ್ ಎಷ್ಟು ನಿಂತಿದೆ ಎಂದೇ. ಕಂಪಾಲ, ಕಿಗಾಲಿ, ಬುಜುಂಬುರಾಗಳು ಈ ತಂತಿಗಳ ಕೊನೆಭಾಗದ ಗದ್ದೆಗಳು. ಮೊಂಬಾಸಾದಿಂದ ಕಂಪಾಲಕ್ಕೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಕಡಲ ಸಾಮರ್ಥ್ಯದ ಬೆಲೆ ಎಷ್ಟೇ ಇಳಿದರೂ ನೆಲದ ಮೇಲಿನ ಸಾಗಣೆಯ ದರ ಅದರ ಮೇಲೆ ಕೂರುತ್ತದೆ. ದೇವರು ಕೊಟ್ಟರೂ ಪೂಜಾರಿ ಕೊಡ.

ಕರೆ ದರದ ವಿಷಯದಲ್ಲಿ ಮಾತ್ರ ಪೂಜಾರಿಯನ್ನು ಬಗ್ಗಿಸಲು ಸಾಧ್ಯವಾಯಿತು. ಮೊದಲು ದಾರಿ ತೋರಿಸಿದ್ದು ಸರ್ಕಾರವಲ್ಲ. ಸುಡಾನ್ ಮೂಲದ ಮೋ ಇಬ್ರಾಹಿಂ ಕಟ್ಟಿದ ಸೆಲ್ಟೆಲ್ ಕಂಪನಿ 2006ರಲ್ಲೇ ಕೆನ್ಯಾ, ಉಗಾಂಡಾ, ತಾಂಜಾನಿಯಾಗಳಲ್ಲಿ ತನ್ನ ಗ್ರಾಹಕರಿಗೆ ರೋಮಿಂಗ್ ಶುಲ್ಕ ತೆಗೆದುಹಾಕಿತು. ಆ ಜಾಲ ಕೈ ಬದಲಿಸಿ 2010ರಲ್ಲಿ ನಮ್ಮ ಏರ್‌ಟೆಲ್ ಕೈಗೆ ಬಂತು. ಸರ್ಕಾರಗಳು ‘ಒನ್ ನೆಟ್‌ವರ್ಕ್ ಏರಿಯಾ’ ಎಂದು ಹೆಸರಿಟ್ಟು ಕೆನ್ಯಾ, ರುವಾಂಡಾ, ಉಗಾಂಡಾ, ದಕ್ಷಿಣ ಸುಡಾನ್‌ಗಳಿಗೆ ಒಂದೇ ನಿಯಮ ತಂದದ್ದು 2014ರ ಕೊನೆಯಿಂದ. ಗಡಿಯಾಚೆಯ ಕರೆಗೆ ನಿಮಿಷಕ್ಕೆ 10 ಅಮೆರಿಕನ್ ಸೆಂಟ್ ಮಿತಿ. ನೆರೆದೇಶದಲ್ಲಿದ್ದಾಗ ಬಂದ ಕರೆ ಎತ್ತಿದರೆ ಶುಲ್ಕವಿಲ್ಲ. ಒಳಬರುವ ಅಂತರರಾಷ್ಟ್ರೀಯ ಕರೆಗಳ ಮೇಲೆ ಸರ್ಕಾರಗಳು ಹಾಕುತ್ತಿದ್ದ ಹೆಚ್ಚುವರಿ ಶುಲ್ಕ ಈ ದೇಶಗಳ ನಡುವೆ ಇಲ್ಲ. ತಾಂಜಾನಿಯಾ ಮೊದಲಿಗೆ ಸೇರಲಿಲ್ಲ. ಸೇರಿದವರ ನಡುವೆ ಕರೆಗಳು ಹಲವು ಪಟ್ಟಾದವು. ‘ಸಂಪರ್ಕ ಸುಲಭಗೊಳಿಸಲಾಗುವುದು’ ಎಂದು ಬರೆದಿದ್ದರೆ ಏನೂ ಆಗುತ್ತಿರಲಿಲ್ಲ. 10 ಸೆಂಟ್ ಎಂದು ಬರೆದರು, ಆಯಿತು.

ದಾನವೂ ಪಾಲೂ

ಇದನ್ನು ನಮ್ಮ ದಕ್ಷಿಣ ಏಷ್ಯಾದ ಪಕ್ಕ ಇಟ್ಟು ನೋಡಬೇಕು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಇಸ್ರೋ 2017ರ ಮೇ 5ರಂದು ಜಿಸ್ಯಾಟ್-9 ಎಂಬ ಉಪಗ್ರಹವನ್ನು ಹಾರಿಸಿತು. ದಕ್ಷಿಣ ಏಷ್ಯಾದ ನೆರೆಯವರಿಗೆ ಭಾರತದ ಉಡುಗೊರೆ ಅದು, ಪಾಕಿಸ್ತಾನ ಹೊರಗುಳಿಯಿತು. ಆಫ್ರಿಕಾಕ್ಕೂ ಭಾರತ ‘ಪ್ಯಾನ್ ಆಫ್ರಿಕನ್ ಇ-ನೆಟ್‌ವರ್ಕ್’ ಕೊಟ್ಟಿತು: ಉಪಗ್ರಹ ಮತ್ತು ಫೈಬರ್ ಮೂಲಕ ದೂರಶಿಕ್ಷಣ, ದೂರವೈದ್ಯ. 2009ರಲ್ಲಿ ಉದ್ಘಾಟನೆಯಾಗಿ, 2017ರಲ್ಲಿ ಅದರ ಅವಧಿ ಮುಗಿದು, ಬೇರೆ ಯೋಜನೆ ಅದರ ಜಾಗಕ್ಕೆ ಬಂತು. ಎರಡೂ ಒಳ್ಳೆಯ ಕೆಲಸಗಳೇ, ಭಾರತೀಯನಾಗಿ ನನಗೆ ಹೆಮ್ಮೆಯೂ ಇದೆ. ಆದರೆ ಖಾತೆಯ ಭಾಷೆಯಲ್ಲಿ ಅವು ದಾನ, ಪಾಲುದಾರಿಕೆ ಅಲ್ಲ. ದಾನ ಪಡೆದವನಿಗೆ ಕೃತಜ್ಞತೆ ಇರಬಹುದು, ಹಕ್ಕು ಇರುವುದಿಲ್ಲ. ಕೊಡುವವನ ಅವಧಿ ಮುಗಿದಾಗ ಪಡೆದವನ ಸೌಲಭ್ಯದ ಅವಧಿಯೂ ಮುಗಿಯುತ್ತದೆ. ವಿಯೋಕ್‌ನಲ್ಲಿ ಬುರುಂಡಿಯ ಷೇರು ಎಷ್ಟೇ ಸಣ್ಣದಿರಲಿ, ಅದು ಸಭೆಯಲ್ಲಿ ಕೈ ಎತ್ತುವ ಷೇರು.

ಬರೆಯದೆ ಬಿಟ್ಟ ಕಲಮು

ಇಲ್ಲಿಯವರೆಗೆ ಜಮೆಯ ಪುಟ. ಇನ್ನು ಖರ್ಚಿನದು.

ಒಂದು ಕೈಯಿಂದ ಜಂಟಿ ಜಾಲ ಕಟ್ಟಿದ ಸರ್ಕಾರಗಳು ಇನ್ನೊಂದು ಕೈಯಿಂದ, ಒಬ್ಬರನ್ನೊಬ್ಬರು ಕೇಳದೆ, ಅದರ ಮೇಲೆ ತೆರಿಗೆ ಹಾಕಿದವು. 2018ರ ಜುಲೈನಲ್ಲಿ ಉಗಾಂಡಾ ವಾಟ್ಸ್ಆ್ಯಪ್, ಫೇಸ್‌ಬುಕ್ ಬಳಸಲು ದಿನಕ್ಕೆ 200 ಶಿಲ್ಲಿಂಗ್ ತೆರಿಗೆ ವಿಧಿಸಿತು. ಮೊಬೈಲ್ ಹಣದ ವಹಿವಾಟಿಗೆ 1 ಪ್ರತಿಶತ. ಜನ ಬೀದಿಗಿಳಿದ ಮೇಲೆ ಎರಡನೆಯದನ್ನು ಹಣ ತೆಗೆಯುವಾಗ ಮಾತ್ರ ಅರ್ಧ ಪ್ರತಿಶತಕ್ಕೆ ಇಳಿಸಿತು. 2021ರಲ್ಲಿ ದಿನದ ತೆರಿಗೆ ಹೋಗಿ ಡೇಟಾ ಮೇಲೆ 12 ಪ್ರತಿಶತ ಸುಂಕ ಬಂತು. ಕೆನ್ಯಾ 2018ರಲ್ಲಿ ಇಂಟರ್ನೆಟ್ ಡೇಟಾ ಮೇಲಿನ ಸುಂಕವನ್ನು 15 ಪ್ರತಿಶತ ಮಾಡಿತು. ತಾಂಜಾನಿಯಾ 2021ರ ಜುಲೈನಲ್ಲಿ ಮೊಬೈಲ್ ಹಣಕ್ಕೆ ಲೆವಿ ಹಾಕಿ, ಗದ್ದಲವಾದ ಮೇಲೆ ಕೆಲವೇ ವಾರಗಳಲ್ಲಿ 30 ಪ್ರತಿಶತ ಕಡಿತ ಮಾಡಿತು. ಈ ದೇಶಗಳು 2005ರಿಂದ ಕಸ್ಟಮ್ಸ್ ಒಕ್ಕೂಟದಲ್ಲಿವೆ, ಹೊರಗಿನಿಂದ ಬರುವ ಸರಕಿಗೆ ಸಾಮಾನ್ಯ ಸುಂಕಪಟ್ಟಿ ಇದೆ. ಸರಕಿಗೆ ಇರುವ ಶಿಸ್ತು ಮಾಹಿತಿಗೆ ಬರಲಿಲ್ಲ. ತೆರಿಗೆಯ ಭಾರ ಬಿದ್ದದ್ದು ಬೋಡಾ-ಬೋಡಾ ಬೈಕ್ ಓಡಿಸುವವನ ಮೇಲೆ, ಮಾರುಕಟ್ಟೆಯಲ್ಲಿ ಮಟೊಕೆ ಬಾಳೆಗೊನೆ ಮಾರುವವಳ ಮೇಲೆ. ಅವರ ಬ್ಯಾಂಕು, ಅಂಗಡಿ, ಅಂಚೆ ಎಲ್ಲವೂ ಆ ಮೊಬೈಲೇ.

ತೆರಿಗೆಗಿಂತ ದೊಡ್ಡದು ಬೀಗ. 2016ರ ಫೆಬ್ರುವರಿ ಚುನಾವಣೆಯಲ್ಲಿ ಉಗಾಂಡಾ ಸಾಮಾಜಿಕ ಜಾಲತಾಣಗಳ ಜೊತೆ ಮೊಬೈಲ್ ಹಣವನ್ನೂ ನಿಲ್ಲಿಸಿತು. 2021ರ ಜನವರಿಯಲ್ಲಿ ಮತದಾನದ ಹಿಂದಿನ ಸಂಜೆಯಿಂದ ಸುಮಾರು ಐದು ದಿನ ಇಂಟರ್ನೆಟ್ಟನ್ನೇ ಮುಚ್ಚಿತು. 2020ರ ಅಕ್ಟೋಬರ್ ಚುನಾವಣೆಯಲ್ಲಿ ತಾಂಜಾನಿಯಾ ಟ್ವಿಟರ್, ವಾಟ್ಸ್ಆ್ಯಪ್‌ಗಳಿಗೆ ತಡೆ ಒಡ್ಡಿತು. ಏಳು ವರ್ಷ ಜಗಳವಾಡಿ, ಸಾಲ ಮಾಡಿ, ಹತ್ತು ಸಾವಿರ ಕಿಲೋಮೀಟರ್ ಎಳೆದು ತಂದ ತಂತಿ ಒಂದು ಆದೇಶಕ್ಕೆ ಸತ್ತ ಹಾವಾಗುತ್ತದೆ. ನಷ್ಟ ಯಾರ ಖಾತೆಗೆ? ಯಾರ ಖಾತೆಗೂ ಇಲ್ಲ. ದಿನದ ದುಡಿಮೆ ಕಳೆದುಕೊಂಡವನೇ ಅದನ್ನು ಬರೆದುಕೊಳ್ಳಬೇಕು, ಅವನ ಬಳಿ ಪುಸ್ತಕವೂ ಇಲ್ಲ.

ಊರಿನ ಓದುಗರು ಇದು ಆಫ್ರಿಕಾದ ಕಥೆ ಎಂದು ಪುಟ ತಿರುಗಿಸಬಾರದು. ಇಂಟರ್ನೆಟ್ ಸ್ಥಗಿತದ ಜಾಗತಿಕ ಪಟ್ಟಿಗಳಲ್ಲಿ ಭಾರತ ವರ್ಷಗಳ ಕಾಲ ಮೊದಲ ಸ್ಥಾನದಲ್ಲಿತ್ತು. ಕಾಶ್ಮೀರದ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಇಂಥ ಆದೇಶಗಳನ್ನು ಪ್ರಕಟಿಸಲೇಬೇಕು, ಅನಿರ್ದಿಷ್ಟ ಕಾಲ ಮುಚ್ಚುವಂತಿಲ್ಲ ಎಂದಿತು.

ಸರ್ಕಾರಕ್ಕೆ ಭದ್ರತೆಯ ಹೊಣೆ ಇದೆ, ವದಂತಿ ಹಬ್ಬಿ ರಕ್ತ ಹರಿದರೆ ಯಾರು ಜವಾಬ್ದಾರಿ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಪಾಲುದಾರಿಕೆಯಲ್ಲೂ ಒಬ್ಬ ಪಾಲುದಾರ ತುರ್ತಿನಲ್ಲಿ ಅಂಗಡಿ ಮುಚ್ಚಬೇಕಾಗಬಹುದು. ಆದರೆ ಯಾವ ಕಾರಣಕ್ಕೆ, ಎಷ್ಟು ದಿನ, ಯಾರಿಗೆ ತಿಳಿಸಿ, ನಷ್ಟಕ್ಕೆ ಯಾರು ಹೊಣೆ ಎಂಬುದು ಪತ್ರದಲ್ಲಿರುತ್ತದೆ. ಕರೆ ದರಕ್ಕೆ 10 ಸೆಂಟ್ ಎಂದು ಬರೆದಷ್ಟು ಸ್ಪಷ್ಟವಾಗಿ ಈ ದೇಶಗಳು ಅದನ್ನು ಬರೆದುಕೊಂಡಿಲ್ಲ.

ಆಗದ ಮಾತು ಎನ್ನಬೇಡಿ. ಪಶ್ಚಿಮ ಆಫ್ರಿಕಾದ ದೇಶಗಳ ಒಕ್ಕೂಟಕ್ಕೆ ತನ್ನದೇ ನ್ಯಾಯಾಲಯವಿದೆ. ಟೋಗೊ ಸರ್ಕಾರ 2017ರ ಪ್ರತಿಭಟನೆಗಳ ವೇಳೆ ಇಂಟರ್ನೆಟ್ ಮುಚ್ಚಿದ್ದು ಅಕ್ರಮ ಎಂದು ಅದು 2020ರ ಜೂನ್‌ನಲ್ಲಿ ತೀರ್ಪು ಕೊಟ್ಟಿತು. ಅರ್ಜಿದಾರರಿಗೆ ತಲಾ 20 ಲಕ್ಷ ಸಿಎಫ್‌ಎ ಫ್ರಾಂಕ್ ಪರಿಹಾರ ಕೊಡಬೇಕೆಂದಿತು. ಮೊತ್ತ ದೊಡ್ಡದಲ್ಲ. ಆದರೆ ನೆರೆಯವರು ಸೇರಿ ಕಟ್ಟಿದ ಸಂಸ್ಥೆಯೊಂದು ‘ಸ್ಥಗಿತ’ ಎಂಬ ಪದದ ಎದುರು ಒಂದು ಅಂಕಿ ಬರೆಯಿತು. ಪೂರ್ವ ಆಫ್ರಿಕಾದ ನ್ಯಾಯಾಲಯವೂ ಅರುಷಾದಲ್ಲಿದೆ. ಬುರುಂಡಿಯ ಪತ್ರಿಕಾ ಕಾನೂನಿನ ಬಗ್ಗೆ 2015ರಲ್ಲಿ, ತಾಂಜಾನಿಯಾದ ಮಾಧ್ಯಮ ಕಾನೂನಿನ ಬಗ್ಗೆ 2019ರಲ್ಲಿ, ಇವು ಸಮುದಾಯದ ಒಪ್ಪಂದಕ್ಕೆ ವಿರುದ್ಧ ಎಂದು ಅದು ಹೇಳಿದ್ದೂ ಇದೆ. ಪುಸ್ತಕ ಇದೆ, ಬರೆಯುವ ಕೈಯೂ ಇದೆ. ಮುಂದಿನ ತಂತಿಗೆ ಸಹಿ ಹಾಕುವ ಮಂತ್ರಿಗಳು ಅದರ ಉದ್ದ, ವೇಗ, ವೆಚ್ಚಗಳ ಕೆಳಗೆ ಇನ್ನೊಂದು ಸಾಲು ಸೇರಿಸಲಿ: ಇದನ್ನು ಮುಚ್ಚಿದವರು ದಿನಕ್ಕೆ ಎಷ್ಟು ಕಟ್ಟಬೇಕು. ಆ ಸಾಲಿಲ್ಲದ ಸಹಕಾರ ಒಪ್ಪಂದಕ್ಕೆ ನಾನಂತೂ ಆಡಿಟರ್ ಸಹಿ ಹಾಕಲಾರೆ.